ಲ್ಯಾಪ್‌ಟಾಪಿಗೂ ಓ.ಟಿ. ನೋಡಿ ಕೊಳ್ಳಿರಿ

ಕಾಫಿಗೆ ಒಳ್ಳೆಯ ದರ ಬಂದ ವರ್ಷ ನಮ್ಮ ಜಿಲ್ಲೆಯ ಪೇಟೆ ಬೀದಿಗಳಿಗೆ ಕಳೆ ಬರುವುದು ಹೊಸ ಸಂಗತಿಯೇನಲ್ಲ. ಹಿಂದೆ ಅಂಥ ವರ್ಷಗಳಲ್ಲಿ ಜೀಪು ಬಂತು, ರೇಡಿಯೋ ಬಂತು, ಆಮೇಲೆ ಟಿ.ವಿ. ಬಂತು. 2024-25ರ ಹಂಗಾಮಿನಲ್ಲಿ ರೊಬಸ್ಟಾ, ಅರೇಬಿಕಾ ಎರಡಕ್ಕೂ ಹಿಂದೆಂದೂ ಕಾಣದ ದರ ಬಂದಾಗ ಮನೆ ಸೇರಿದ ಸಾಮಾನುಗಳಲ್ಲಿ ಲ್ಯಾಪ್‌ಟಾಪೂ ಒಂದು. ಒಂದು ಕಾಲಕ್ಕೆ ದೊಡ್ಡ ಆಫೀಸುಗಳ ಮೇಜಿನ ಮೇಲೆ ಮಾತ್ರ ಕಾಣುತ್ತಿದ್ದ ಈ ಸಾಧನ ಈಗ ಮಿಕ್ಸಿ, ಫ್ರಿಜ್ಜುಗಳ ಸಾಲಿಗೆ ಬಂದು ನಿಂತಿದೆ.

ಆದ್ದರಿಂದ ಸಂಘದ ಕಟ್ಟೆಯ ಮೇಲೆ ಕಾಫಿ ದರ, ಅಡಿಕೆ ದರ, ಮಳೆಯ ಮಾತು ಮುಗಿದ ಮೇಲೆ ಒಂದು ಹೊಸ ಪ್ರಶ್ನೆಯೂ ಕೇಳಿಬರುತ್ತಿದೆ. "ಮಗಳು ಕಾಲೇಜಿಗೆ ಸೇರಿದ್ದಾಳೆ. ತೋಟದ ಲೆಕ್ಕಕ್ಕೂ ಆಗಬೇಕು. ಅಂಗಡಿಯಲ್ಲಿ ಎರಡು ಮೂರು ತೋರಿಸಿದರು. ಎಲ್ಲವೂ ಒಂದೇ ಥರ ಕಾಣುತ್ತವೆ. ಬೆಲೆಯಲ್ಲಿ ಎರಡು ಮೂರು ಸಾವಿರ ಹೆಚ್ಚು ಕಡಿಮೆ. ಯಾವುದನ್ನು ತೆಗೆದುಕೊಳ್ಳಲಿ?"

ಪ್ರಶ್ನೆ ಸಣ್ಣದಾಗಿ ಕಂಡರೂ ನಲವತ್ತು ಐವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಎರಡು ಎಕರೆ, ಮೂರು ಎಕರೆಯ ಸಣ್ಣ ಬೆಳೆಗಾರನಿಗೆ ಅದು ಒಂದು ಹಂಗಾಮಿನ ಗೊಬ್ಬರದ ಹಣ. 2000ದಿಂದ ಮುಂದಿನ ನಾಲ್ಕೈದು ವರ್ಷ ಕಾಫಿ ದರ ನೆಲಕಚ್ಚಿದ್ದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಲೆ ಬಂದ ವರ್ಷ ಕೊಂಡ ವಸ್ತು ಬೆಲೆ ಬಿದ್ದ ವರ್ಷವೂ ಕೆಲಸ ಮಾಡುತ್ತಿರಬೇಕು; ಆಗ ಇನ್ನೊಂದನ್ನು ಕೊಳ್ಳುವ ಪರಿಸ್ಥಿತಿ ಇರುವುದಿಲ್ಲ. ಈ ದೃಷ್ಟಿಯಿಂದ ನಾಲ್ಕು ಮಾತು ಹೇಳುವುದು ಉಚಿತವೆಂದು ಭಾವಿಸುತ್ತೇವೆ.

ಹೆಸರು ಚೀಲ, ಒಳಗಿನದು ಓ.ಟಿ.

ರೊಬಸ್ಟಾ ಚೆರಿಯನ್ನು ಮಾರುವಾಗ ನಾವು ಯಾರೂ ಚೀಲದ ತೂಕ ನೋಡಿ ಸುಮ್ಮನಾಗುವುದಿಲ್ಲ. ಐವತ್ತು ಕೆ.ಜಿ. ಚೆರಿಯಲ್ಲಿ ಸಿಪ್ಪೆ ಹೋದ ಮೇಲೆ ಎಷ್ಟು ಕೆ.ಜಿ. ಬೀಜ ಉಳಿಯುತ್ತದೆ ಎಂಬುದೇ ಓ.ಟಿ. ಇಪ್ಪತ್ತೆಂಟು ಬರುವ ಚೀಲವೂ ಇಪ್ಪತ್ತೈದು ಬರುವ ಚೀಲವೂ ಹೊರಗಿನಿಂದ ಒಂದೇ. ವ್ಯಾಪಾರಿ ಸ್ಯಾಂಪಲ್ ತೆಗೆಯದೆ ದರ ಹೇಳುವುದಿಲ್ಲ. ಚಾಲಿ ಅಡಿಕೆಯಲ್ಲಿಯೂ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಬೇರೆ ಮಾಡದೆ ರಾಶಿಗೆ ಒಂದೇ ದರ ಹಾಕಿದರೆ ನಾವು ಒಪ್ಪುವುದಿಲ್ಲ. ಮಾರುವಾಗ ಇಷ್ಟು ಜಾಗರೂಕರಾದ ನಾವು ಕೊಳ್ಳುವಾಗ ಮಾತ್ರ ಚೀಲದ ಮೇಲಿನ ಹೆಸರು ನೋಡಿ ಹಣ ಎಣಿಸುತ್ತೇವೆ.

ಲ್ಯಾಪ್‌ಟಾಪಿನ ವ್ಯವಹಾರದಲ್ಲಿ ಈ ಚೀಲದ ತೊಂದರೆ ಬಹಳ. ಒಂದು ಉದಾಹರಣೆ ನೋಡೋಣ. ಲೆನೊವೊ ಕಂಪೆನಿಯ 'ಐಡಿಯಾಪ್ಯಾಡ್ ಸ್ಲಿಮ್ 3' ಎಂಬ ಹೆಸರು ನಮ್ಮ ಕಡೆ ಎಲ್ಲರೂ ಕೇಳಿದ್ದೇ. ಆದರೆ ಅದು ಒಂದು ಮಾದರಿಯ ಹೆಸರಲ್ಲ, ಒಂದು ದೊಡ್ಡ ಒಕ್ಕಲಿನ ಹೆಸರು. ಅದರಲ್ಲಿ '15ಎಎಂಎನ್8' ಎಂಬುದೊಂದು, '15ಎಬಿಆರ್8' ಎಂಬುದು ಇನ್ನೊಂದು. ಹೊರಗಿನ ಆಕಾರ ಒಂದೇ, ಪರದೆಯ ಅಳತೆ ಒಂದೇ. ಮೊದಲನೆಯದರಲ್ಲಿ ಎ.ಎಂ.ಡಿ. ಕಂಪೆನಿಯ 'ರೈಜೆನ್ 5 7520ಯು' ಎಂಬ ಪ್ರೊಸೆಸರ್ ಬರುತ್ತದೆ. ಎರಡನೆಯದರಲ್ಲಿ 'ರೈಜೆನ್ 5 7530ಯು'. ಅಂಗಡಿಯ ಚೀಟಿಯಲ್ಲಿ ಇವೆರಡರ ನಡುವೆ ಇರುವುದು ಒಂದೇ ಒಂದು ಅಂಕಿಯ ವ್ಯತ್ಯಾಸ. ಕಣ್ಣಿಗೆ ಬೀಳುವುದೂ ಕಷ್ಟ.

ಒಳಗಿನ ಮಾತು ಬೇರೆ. ಎ.ಎಂ.ಡಿ. 2022ರಲ್ಲಿ ಪ್ರಕಟಿಸಿದ ಕ್ರಮದ ಪ್ರಕಾರ ಈ ನಾಲ್ಕು ಅಂಕಿಗಳಲ್ಲಿ ಮೂರನೆಯದು ಪ್ರೊಸೆಸರಿನ ತಲೆಮಾರನ್ನು ಹೇಳುತ್ತದೆ. 7520ರಲ್ಲಿ ಮೂರನೆಯ ಅಂಕಿ 2. ಎಂದರೆ 2019ರಲ್ಲಿ ಮೊದಲು ಬಂದ 'ಜೆನ್ 2' ರಚನೆ, ನಾಲ್ಕು ಕೋರ್. 7530ರಲ್ಲಿ ಅದು 3. ಎಂದರೆ 2020ರ 'ಜೆನ್ 3' ರಚನೆ, ಆರು ಕೋರ್. ಮೊದಲನೆಯ ಅಂಕಿ 7 ಎರಡಕ್ಕೂ ಇರುವುದರಿಂದ ಎರಡೂ 2023ರ ಹೊಸ ಸರಕು ಎಂದೇ ಕಾಣುತ್ತದೆ. ಕಂಪೆನಿ ಮರೆಮಾಚಿದೆ ಎನ್ನಲಾಗದು, ಅಂಕಿಯ ಅರ್ಥವನ್ನು ಅದೇ ಪ್ರಕಟಿಸಿದೆ. ಆದರೆ ಅದನ್ನು ಓದುವ ಗಿರಾಕಿ ಎಷ್ಟು ಮಂದಿ? ಈ ಕ್ರಮ 7000ದ ಸಾಲಿಗೆ ಮತ್ತು ಅದರ ನಂತರದ 8000ದ ಸಾಲಿಗೆ ಹೊಂದುತ್ತದೆ. ಆಮೇಲಿನ ಸಾಲುಗಳಿಗೆ ಹೆಸರಿಡುವ ಕ್ರಮವನ್ನೇ ಬದಲಿಸಿದ್ದಾರೆ.

ಇಂಟೆಲ್ ಕಂಪೆನಿಯದೂ ಇದೇ ಕಥೆ. 'ಐ3-ಎನ್305' ಎಂಬುದರಲ್ಲಿ ಎಂಟು ಕೋರ್. 'ಐ3-1215ಯು' ಎಂಬುದರಲ್ಲಿ ಆರೇ ಕೋರ್. ಎಂಟು ಆರಕ್ಕಿಂತ ಹೆಚ್ಚು ಎಂದು ಮಾರುವವರು ಹೇಳಿದರೆ ತಪ್ಪೆನ್ನುವಂತಿಲ್ಲ. ಆದರೆ ಮೊದಲನೆಯದರ ಎಂಟೂ ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು. ಎರಡನೆಯದರಲ್ಲಿ ಎರಡು ದೊಡ್ಡ ಕೋರ್, ನಾಲ್ಕು ಸಣ್ಣ ಕೋರ್. ಮೆಮೊರಿಗೆ ಹೋಗುವ ದಾರಿಯೂ ಮೊದಲನೆಯದಕ್ಕೆ ಒಂದೇ, ಎರಡನೆಯದಕ್ಕೆ ಎರಡು. ತಲೆ ಎಣಿಸಿ ಕೂಲಿ ಲೆಕ್ಕ ಹಾಕಬಹುದು, ಕೆಲಸದ ಲೆಕ್ಕ ಹಾಕಲಾಗದು. ಇನ್ನು 2023ರ ಕೊನೆಯಿಂದ ಇಂಟೆಲ್ ತನ್ನ ಹೆಸರುಗಳಲ್ಲಿದ್ದ 'ಐ' ಅಕ್ಷರವನ್ನೇ ಬಿಡತೊಡಗಿತು. 2024ರಲ್ಲಿ ಬಂದ 'ಕೋರ್ 5 120ಯು' ಹೊಸ ಹೆಸರಿನದಾದರೂ ಒಳಗಿನ ರಚನೆ 2023ರ 'ಕೋರ್ ಐ5-1335ಯು' ವಂಶದ್ದೇ. ಹೊಸ ಹೆಸರಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಇದರಿಂದ ತಿಳಿಯಬೇಕಾದುದು ಇಷ್ಟೆ. ಲೆನೊವೊ ಒಳ್ಳೆಯದೇ, ಎಚ್.ಪಿ. ಒಳ್ಳೆಯದೇ, ಡೆಲ್ ಒಳ್ಳೆಯದೇ, ಏಸುಸ್, ಏಸರ್ ಒಳ್ಳೆಯದೇ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಎಲ್ಲ ಕಂಪೆನಿಯಲ್ಲೂ ಪಟೋರವೂ ಇದೆ, ಕರಿಗೋಟೂ ಇದೆ. ಪೆಟ್ಟಿಗೆಯ ಮೇಲೆ ಅಥವಾ ಲ್ಯಾಪ್‌ಟಾಪಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಮನೆಗೆ ಬನ್ನಿ. ಅದನ್ನು ಕಂಪೆನಿಯ ಸ್ವಂತ ವಿವರಪಟ್ಟಿಯಲ್ಲಿ ತಾವೇ ನೋಡಿ, ಇಲ್ಲವೇ ತಿಳಿದ ಮಕ್ಕಳಿಂದ ನೋಡಿಸಿ. ಆಮೇಲೆ ಹಣದ ಮಾತು.

ಬದಲಿಸಲಾಗದ್ದು ಯಾವುದು?

ಎಲ್ಲವನ್ನೂ ತೂಗಿ ನೋಡಲು ಹೊರಟರೆ ತಲೆ ತಿರುಗುತ್ತದೆ. ಅದಕ್ಕೆ ನಮ್ಮ ಕಸುಬಿನಲ್ಲೇ ಒಂದು ಸುಲಭ ವಿಂಗಡಣೆ ಇದೆ. ಗಿಡ ನೆಟ್ಟ ಮೇಲೆ ತಳಿಯನ್ನು ಬದಲಿಸಲಾಗದು, ಇಳಿಜಾರನ್ನು ಬದಲಿಸಲಾಗದು. ಗೊಬ್ಬರ, ನೆರಳು, ಕಸಿಗಳನ್ನು ವರ್ಷವರ್ಷ ತಿದ್ದಿಕೊಳ್ಳಬಹುದು. ಚಂದ್ರಗಿರಿ ಬೇಕೋ ಎಸ್. 795 ಬೇಕೋ ಎಂದು ನರ್ಸರಿಯಲ್ಲೇ ತೀರ್ಮಾನವಾಗಬೇಕು. ಲ್ಯಾಪ್‌ಟಾಪಿನಲ್ಲಿಯೂ ಹೀಗೆಯೇ. ಕೊಂಡ ಮೇಲೆ ಬದಲಿಸಲಾಗದ ಅಂಗಗಳಿಗೆ ಹಣ ಕೊಡಬೇಕು. ಬದಲಿಸಬಹುದಾದ ಅಂಗಗಳಿಗಾಗಿ ಇಂದೇ ಹೆಚ್ಚು ಕೊಡಬೇಕಾಗಿಲ್ಲ. ಒಂದೇ ರೀತಿಯ ಎರಡು ಮಾದರಿಗಳ ನಡುವೆ ಆರಿಸುವಾಗ ಇದಕ್ಕಿಂತ ಒಳ್ಳೆಯ ಸೂತ್ರ ನಮಗೆ ಕಂಡಿಲ್ಲ.

ಬದಲಿಸಲಾಗದ್ದರಲ್ಲಿ ಮೊದಲನೆಯದು ಪ್ರೊಸೆಸರ್. ಮನೆಯ ಲ್ಯಾಪ್‌ಟಾಪುಗಳಲ್ಲಿ ಅದನ್ನು ಒಳಗಿನ ಹಲಗೆಗೆ ಬೆಸುಗೆ ಹಾಕಿರುತ್ತಾರೆ.

ಎರಡನೆಯದು ರ್‍ಯಾಮ್ ಎಂಬ ಮೆಮೊರಿ. ಇಲ್ಲಿ ಬಹಳ ಮಂದಿ ಮೋಸ ಹೋಗುತ್ತಾರೆ. ಕೆಲವು ಮಾದರಿಗಳಲ್ಲಿ ಮೆಮೊರಿಗೆ ತೂತು, ಅಂದರೆ ಸ್ಲಾಟ್ ಇರುತ್ತದೆ. ಬೇಕಾದಾಗ ಇನ್ನೊಂದು ಪಟ್ಟಿ ಸೇರಿಸಬಹುದು. ಕೆಲವುಗಳಲ್ಲಿ ಅದನ್ನೂ ಬೆಸುಗೆ ಹಾಕಿರುತ್ತಾರೆ. ಮೇಲೆ ಹೇಳಿದ 7520ಯು ಬೆಸುಗೆ ಹಾಕುವ ಜಾತಿಯ ಮೆಮೊರಿಯೊಂದಿಗೆ ಮಾತ್ರ ಕೆಲಸ ಮಾಡುತ್ತದೆ. ಆದ್ದರಿಂದ ಅದು ಯಾವ ಕಂಪೆನಿಯ ಪೆಟ್ಟಿಗೆಯಲ್ಲಿದ್ದರೂ 8 ಜಿ.ಬಿ. ಕೊಂಡವರಿಗೆ ಕೊನೆಯವರೆಗೂ 8 ಜಿ.ಬಿ.ಯೇ ಗತಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ ಮೆಮೊರಿ 4 ಜಿ.ಬಿ. ಆದರೂ ಅಷ್ಟರಲ್ಲಿ ಅದು ಏದುಸಿರು ಬಿಡುತ್ತದೆ. ಇಂದಿನ ಮನೆಕೆಲಸಕ್ಕೆ 8 ಜಿ.ಬಿ. ಸಾಕು, ಐದಾರು ವರ್ಷದ ಬಾಳಿಕೆಗೆ 16 ಲೇಸು. ಸ್ಲಾಟ್ ಇದ್ದರೆ 8ರಲ್ಲಿ ಆರಂಭಿಸಬಹುದು; ಬೆಸುಗೆಯಾದರೆ 16 ಇರುವುದನ್ನೇ ಕೊಳ್ಳಬೇಕು. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಂಡ ಕಾರಣ, ಜಗತ್ತಿನಾದ್ಯಂತ ಅದರ ಬೆಲೆ ಏರಿತು. ಆದ್ದರಿಂದ 'ಮುಂದೆ ಅಗ್ಗವಾಗುತ್ತದೆ, ಆಗ ಸೇರಿಸೋಣ' ಎಂಬ ಹಳೆಯ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕೊಳ್ಳುವ ದಿನವೇ ಎರಡರ ಬೆಲೆಯನ್ನೂ ಕೇಳಿ ಕೂಡಿಸಿ ನೋಡುವುದು ಒಳ್ಳೆಯದು.

ಮೂರನೆಯದು ಪರದೆ. ಬದಲಿಸಲು ಸಾಧ್ಯವಿದ್ದರೂ ಖರ್ಚು ಹೆಚ್ಚು. ಒಂದೇ ಹೆಸರಿನ ಮಾದರಿಯಲ್ಲಿ ಐ.ಪಿ.ಎಸ್. ಪರದೆಯೂ ಬರಬಹುದು, ಹಳೆಯ ಟಿ.ಎನ್. ಪರದೆಯೂ ಬರಬಹುದು. ಪರೀಕ್ಷೆ ಸುಲಭ. ಅಂಗಡಿಯಲ್ಲಿ ಒಂದು ಫೋಟೋ ತೆರೆಸಿ, ಪರದೆಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸಿ, ಪಕ್ಕಕ್ಕೆ ಸರಿದು ನೋಡಿ. ಬಣ್ಣ ಮಾಸಿ ಕಪ್ಪಾದರೆ ಅದನ್ನು ಬಿಡಿ. ಮಕ್ಕಳು ದಿನಕ್ಕೆ ಐದಾರು ಗಂಟೆ ಅದನ್ನೇ ನೋಡುತ್ತಾ ಕೂರುವವರು.

ನಾಲ್ಕನೆಯದು ಕೀಲಿಮಣೆ. ಇದನ್ನು ಯಾವ ವಿವರಪಟ್ಟಿಯೂ ಹೇಳುವುದಿಲ್ಲ, ಬೆರಳು ಹೇಳಬೇಕು. ಅಂಗಡಿಯಲ್ಲಿ ನಿಂತು ಹತ್ತು ಸಾಲು ಹೊಡೆದು ನೋಡಲು ಸಂಕೋಚ ಪಡಬಾರದು. ಕತ್ತಿ ಕೊಳ್ಳುವಾಗ ಹಿಡಿ ನೋಡದೆ ಕೊಳ್ಳುತ್ತೇವೆಯೇ?

ಬದಲಿಸಬಹುದಾದ್ದು: ಕಡತಗಳನ್ನು ಇಡುವ ಎಸ್.ಎಸ್.ಡಿ., ಬ್ಯಾಟರಿ, ಚಾರ್ಜರ್. ಹೆಚ್ಚಿನ ಮಾದರಿಗಳಲ್ಲಿ 512 ಜಿ.ಬಿ. ಎಸ್.ಎಸ್.ಡಿ. ಇರುತ್ತದೆ, ಮನೆಗೆ ಅದು ಧಾರಾಳ. 1 ಟಿ.ಬಿ.ಗಾಗಿ ಇಂದೇ ನಾಲ್ಕೈದು ಸಾವಿರ ಹೆಚ್ಚು ಕೊಡುವುದಕ್ಕಿಂತ ಆ ಹಣವನ್ನು ಮೆಮೊರಿಗೋ ಪರದೆಗೋ ಹಾಕುವುದು ವಿವೇಕ. ಆದರೆ ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮಾತ್ರ ಇರುವುದನ್ನೂ, ಇ.ಎಂ.ಎಂ.ಸಿ. ಎಂಬ ಬೆಸುಗೆ ಹಾಕಿದ ಸಣ್ಣ ಸಂಗ್ರಹ ಇರುವುದನ್ನೂ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ನಮ್ಮ ಮಳೆ, ನಮ್ಮ ಕರೆಂಟು

ಬೆಂಗಳೂರಿನಲ್ಲಿ ಬರೆದ ಸಲಹೆಗಳೆಲ್ಲ ನಮಗೆ ಹೊಂದುವುದಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ತನಕ ಇಲ್ಲಿನ ಬದುಕು ಬೇರೆಯೇ. ಒಂದು ಮರ ತಂತಿಯ ಮೇಲೆ ಬಿದ್ದರೆ ಊರಿಗೆ ಊರೇ ಎರಡು ದಿನ ಕತ್ತಲೆ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ ಗುಡ್ಡಗಳು ಜರಿದಾಗ ದಾರಿಯೂ ಇಲ್ಲದೆ, ಕರೆಂಟೂ ಇಲ್ಲದೆ, ಫೋನೂ ಇಲ್ಲದೆ ಕಳೆದ ದಿನಗಳನ್ನು ಮರೆತವರಿಲ್ಲ. ಆದ್ದರಿಂದ ಎರಡು ಮಾದರಿಗಳು ಬಾಕಿ ಎಲ್ಲದರಲ್ಲಿಯೂ ಸಮವಾಗಿದ್ದರೆ ಬ್ಯಾಟರಿ ದೊಡ್ಡದಿರುವುದನ್ನು ಆರಿಸುವುದು ನಮಗೆ ಹಿತ. 'ಹತ್ತು ಗಂಟೆ ಬರುತ್ತದೆ' ಎಂಬ ಜಾಹೀರಾತಿನ ಮಾತು ಬೇಡ. ವ್ಯಾಟ್-ಅವರ್ ಎಷ್ಟು ಎಂದು ಕೇಳಿ. 42 ವ್ಯಾಟ್-ಅವರ್ ಬ್ಯಾಟರಿ, ಓದು ಬರಹದಂಥ ಹಗುರ ಕೆಲಸಕ್ಕೆ ಗಂಟೆಗೆ 8ರಿಂದ 10 ವ್ಯಾಟ್-ಅವರ್ ಖರ್ಚಾದರೆ, ನಾಲ್ಕರಿಂದ ಐದು ಗಂಟೆ ಬರುತ್ತದೆ. 55 ಇದ್ದರೆ ಆರು ಗಂಟೆಯ ಆಸುಪಾಸು. ಯಾವ ಬ್ಯಾಟರಿಯೂ ಬಳಸಿದಂತೆ ಸವೆಯುತ್ತದೆ. ಸದಾ ಪ್ಲಗ್ಗಿಗೆ ಸಿಕ್ಕಿಸಿ ಉಪಯೋಗಿಸುವವರು, ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇದೆಯೇ ಎಂದು ವಿಚಾರಿಸಬೇಕು. ಅನೇಕ ಕಂಪೆನಿಗಳು ಇದನ್ನು ಕೊಟ್ಟಿವೆ. ಮಳೆಗಾಲಕ್ಕೆ ಮಾತ್ರ ಅದನ್ನು ತೆಗೆದು ಪೂರ್ತಿ ತುಂಬಿಸಿಕೊಳ್ಳಬಹುದು.

ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಒಳ್ಳೆಯ ಮಾದರಿ, ಕೆಟ್ಟ ಮಾದರಿ ಎಂಬ ಭೇದವಿಲ್ಲ. ಗುಡುಗು ಕೇಳಿದೊಡನೆ ಚಾರ್ಜರಿನ ಪ್ಲಗ್ಗನ್ನು ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಇಂಟರ್‌ನೆಟ್ಟಿನ ಪೆಟ್ಟಿಗೆಯಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದಿದ್ದರೆ ಅದನ್ನೂ ತೆಗೆಯಬೇಕು. ಮನೆಯ ಅರ್ತಿಂಗ್ ಸರಿಯಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಬೇಕು. ಸಿಡಿಲಿನಿಂದಾಗಲೀ ನೀರು ಚೆಲ್ಲಿದ್ದರಿಂದಾಗಲೀ ಆದ ಹಾನಿ ಸಾಮಾನ್ಯ ವಾರಂಟಿಯಲ್ಲಿ ಬರುವುದಿಲ್ಲ ಎಂಬುದು ನೆನಪಿರಲಿ.

ತೇವದ ವಿಚಾರದಲ್ಲಿ ಒಂದೇ ಮಾತು. ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಬೀರುವಿನಲ್ಲಿ ಲ್ಯಾಪ್‌ಟಾಪನ್ನು ಮುಚ್ಚಿಡಬಾರದು. ದಿನಾ ಒಂದಷ್ಟು ಹೊತ್ತು ಉಪಯೋಗಿಸಿದರೆ ಅದರ ಸ್ವಂತ ಬಿಸಿಯೇ ಅದನ್ನು ಒಣಗಿಸಿಡುತ್ತದೆ.

ಚಾರ್ಜರಿನ ಬಗ್ಗೆ ಇಷ್ಟು. ಕೆಲವು ಮಾದರಿಗಳಿಗೆ ಆಯಾ ಕಂಪೆನಿಯ ದುಂಡು ಪಿನ್ನಿನ ಚಾರ್ಜರೇ ಆಗಬೇಕು. ಕೆಲವನ್ನು ಟೈಪ್-ಸಿ ತೂತಿನ ಮೂಲಕ ಯಾವುದೇ ಒಳ್ಳೆಯ 65 ವ್ಯಾಟಿನ ಚಾರ್ಜರಿನಿಂದ ತುಂಬಿಸಬಹುದು. ಟೈಪ್-ಸಿ ತೂತಿದ್ದ ಮಾತ್ರಕ್ಕೆ ಚಾರ್ಜ್ ಆಗುತ್ತದೆಂದಲ್ಲ, ಕೇಳಿ ತಿಳಿಯಬೇಕು. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ ಐರೋಪ್ಯ ಒಕ್ಕೂಟದ ದೇಶಗಳು 2022ರಲ್ಲಿ ಮಾಡಿದ ಕಾನೂನಿನಲ್ಲಿ ಲ್ಯಾಪ್‌ಟಾಪುಗಳಿಗೆ ಟೈಪ್-ಸಿ ಚಾರ್ಜಿಂಗ್ ಕಡ್ಡಾಯವಾಗುವ ದಿನವನ್ನು 2026ರ ಏಪ್ರಿಲ್ 28 ಎಂದು ಗೊತ್ತುಮಾಡಿವೆ. ಜಗತ್ತು ಹೋಗುವ ದಾರಿ ಅದು. ಚಾರ್ಜರ್ ಸುಟ್ಟರೆ ಅಂಚೆಯಲ್ಲಿ ಬರುವ ತನಕ ಕಾಯದೆ ವಿರಾಜಪೇಟೆಯಲ್ಲೋ ಕುಶಾಲನಗರದಲ್ಲೋ ಅಂದೇ ಸಿಗುವಂಥದ್ದು ನಮಗೆ ಮೇಲು.

ರಿಪೇರಿಗೆ ಎಷ್ಟು ದೂರ?

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ನಮ್ಮ ಜಿಲ್ಲೆಗೆ ರೈಲಿಲ್ಲ. ಕಂಪೆನಿಯ ಸರ್ವಿಸ್ ಸೆಂಟರಿಗೆ ಹೋಗುವುದೆಂದರೆ ಒಂದು ದಿನದ ಕೆಲಸ ಕೆಟ್ಟಿತು. ತರಲು ಇನ್ನೊಂದು ದಿನ. ಕೊಯ್ಲಿನ ಕಾಲದಲ್ಲಿ ಇದು ಎಷ್ಟು ಕಷ್ಟ ಎಂದು ಬೇರೆ ಹೇಳಬೇಕಾಗಿಲ್ಲ. ವಾರಂಟಿಯಲ್ಲಿ ಎರಡು ಬಗೆ. ನಾವೇ ಒಯ್ದು ಕೊಡಬೇಕಾದ್ದು ಒಂದು, ಕಂಪೆನಿಯವರು ಮನೆಗೇ ಬಂದು ಸರಿಮಾಡುವುದು ಇನ್ನೊಂದು. ಎರಡನೆಯದಾದರೆ ನಮ್ಮ ಪಿನ್‌ಕೋಡಿಗೆ ಅದು ಅನ್ವಯಿಸುತ್ತದೆಯೇ ಎಂದು ಮೊದಲೇ ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು. ಎರಡು ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತೆಂದು ಕೊಂಡ ಲ್ಯಾಪ್‌ಟಾಪು ಎರಡು ಸಲ ಮೈಸೂರು ಕಂಡರೆ ಉಳಿತಾಯ ಬಸ್ಸಿಗೂ ಹೋಟೆಲಿಗೂ ಸರಿಹೋಯಿತು.

ಅಂಚೆ ಮೂಲಕ ತರಿಸುವುದೋ, ಪೇಟೆಯ ಅಂಗಡಿಯಲ್ಲಿ ಕೊಳ್ಳುವುದೋ ಎಂಬ ವಾದವೂ ಇದೆ. ಹಬ್ಬದ ಮಾರಾಟದಲ್ಲಿ ಆನ್‌ಲೈನ್ ಬೆಲೆ ಇಳಿಯುವುದು ನಿಜ. ವ್ಯತ್ಯಾಸ ದೊಡ್ಡದಾದರೆ ಅದನ್ನು ಬಿಡಿ ಎಂದು ನಾವು ಹೇಳಲಾರೆವು. ಆದರೆ ಒಂದೆರಡು ಸಾವಿರದ ವ್ಯತ್ಯಾಸವಾದರೆ ಊರಿನ ಅಂಗಡಿಯೇ ಮೇಲೆಂದು ನಮ್ಮ ಅಭಿಪ್ರಾಯ. ಕೀಲಿಮಣೆ ಮುಟ್ಟಿ ನೋಡಬಹುದು, ಪರದೆ ಬಾಗಿಸಿ ನೋಡಬಹುದು, ಕೆಟ್ಟರೆ ಮುಖ ನೋಡಿ ಕೇಳಬಹುದು. ಎಲ್ಲಿ ಕೊಂಡರೂ ಜಿ.ಎಸ್.ಟಿ. ಬಿಲ್ಲು ಬೇಕೇ ಬೇಕು. 'ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ' ಎಂಬ ಮಾತಿಗೆ ಮರುಳಾದರೆ ಆಮೇಲೆ ವಾರಂಟಿಯೂ ಕಷ್ಟ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರು ಕೊಡುವುದೂ ಕಷ್ಟ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬಿಲ್ಲಿನ ಹಿಂದೆಯೇ ಬರೆದಿಟ್ಟುಕೊಳ್ಳಿ.

ಒಳಗಿನ ತಂತ್ರಾಂಶ

ಒಂದೇ ರೀತಿಯ ಎರಡು ಮಾದರಿಗಳ ಬೆಲೆಯ ವ್ಯತ್ಯಾಸ ಕೆಲವೊಮ್ಮೆ ಇರುವುದೇ ಇಲ್ಲಿ. ಒಂದರಲ್ಲಿ ವಿಂಡೋಸ್ ಹಾಕಿ ಕೊಡುತ್ತಾರೆ, ಇನ್ನೊಂದರಲ್ಲಿ ಇಲ್ಲ. ಒಂದರಲ್ಲಿ ಎಂ.ಎಸ್. ಆಫೀಸ್ ಶಾಶ್ವತ, ಇನ್ನೊಂದರಲ್ಲಿ ಒಂದು ವರ್ಷಕ್ಕೆ ಮಾತ್ರ, ಆಮೇಲೆ ವರ್ಷವರ್ಷ ಹಣ. 'ಆಫೀಸ್ ಸಹಿತ' ಎಂಬ ಎರಡು ಶಬ್ದದ ಒಳಗೆ ಯಾವುದಿದೆ ಎಂದು ಕೇಳಬೇಕು. ತೋಟದ ಮಸ್ಟರ್ ರೋಲು, ಗೊಬ್ಬರದ ಲೆಕ್ಕ, ಕಾಲೇಜಿನ ಬರಹಗಳಿಗೆ ಬಿಟ್ಟಿಯಾಗಿ ಸಿಗುವ ಲಿಬ್ರೆ ಆಫೀಸ್ ಸಾಕೆಂಬುದೂ ತಿಳಿದಿರಲಿ.

ಕನ್ನಡ ಬರೆಯಲು ಆಗುತ್ತದೆಯೇ ಎಂದು ಹಿರಿಯರು ಕೇಳುವುದುಂಟು. ಆ ಚಿಂತೆ ಬೇಡ. 2001ರ ವಿಂಡೋಸ್ ಎಕ್ಸ್‌ಪಿಯ ಕಾಲದಿಂದಲೇ ಕನ್ನಡ ಅಕ್ಷರ ಒಳಗೇ ಬರುತ್ತಿದೆ. ಇದಕ್ಕಾಗಿ ಒಂದು ಮಾದರಿಯನ್ನು ಇನ್ನೊಂದಕ್ಕಿಂತ ಮೇಲೆಂದು ತಿಳಿಯಬೇಕಾಗಿಲ್ಲ.

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕಂಪೆನಿಗಳು ಉಪಯೋಗಿಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಮೊದಲಾದವು ಗಟ್ಟಿಮುಟ್ಟಾದವು, ಬಿಡಿಭಾಗ ಸಿಗುವಂಥವು. ಹೊಸದರ ಅರ್ಧ ಬೆಲೆಗೆ ಅವು ಒಳ್ಳೆಯ ವ್ಯಾಪಾರವೂ ಆಗಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಿಯಮ ಪ್ರಕಾರ ನಡೆಯಬೇಕಾದರೆ ಇಂಟೆಲಿನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. 6ನೇ, 7ನೇ ತಲೆಮಾರಿನವನ್ನು 'ಐ7 ಇದೆ, ಅಗ್ಗ' ಎಂದು ಹಚ್ಚಿಬಿಡುವುದುಂಟು. ಬ್ಯಾಂಕಿನ ವ್ಯವಹಾರ ಮಾಡುವ ಮನೆಗೆ ಅದು ತಕ್ಕದ್ದಲ್ಲ.

ಎರಡು ವಾದಗಳು

'ದುಬಾರಿಯದನ್ನೇ ಕೊಂಡುಬಿಟ್ಟರೆ ಹತ್ತು ವರ್ಷ ನಿಶ್ಚಿಂತೆ' ಎನ್ನುವವರಿದ್ದಾರೆ. 'ಹೇಗೂ ಮಳೆಗೆ ಹಾಳಾಗುವಂಥದ್ದು, ಎಲ್ಲಕ್ಕಿಂತ ಅಗ್ಗದ್ದು ಸಾಕು' ಎನ್ನುವವರೂ ಇದ್ದಾರೆ. ನಮಗೆ ಎರಡೂ ಒಪ್ಪಿಗೆಯಾಗಿಲ್ಲ. ಇಂಜಿನಿಯರಿಂಗ್, ವಾಸ್ತುಶಿಲ್ಪ ಓದುವ ಮಕ್ಕಳಿಗೆ ಬೇಕಾದ್ದು ಬೇರೆ. ಅವರ ಕಾಲೇಜಿನವರನ್ನು ಕೇಳಿಯೇ ಕೊಳ್ಳಬೇಕು. ಉಳಿದಂತೆ ಮನೆಯಲ್ಲಿ ಆಗುವ ಕೆಲಸಗಳು ಯಾವುವು? ಪಹಣಿ ತೆಗೆಯುವುದು, ಬ್ಯಾಂಕು, ಅರ್ಜಿ ತುಂಬುವುದು, ಪಾಠ ಕೇಳುವುದು, ಪರದೇಶದಲ್ಲಿರುವ ಮಕ್ಕಳೊಡನೆ ಮುಖ ನೋಡಿ ಮಾತಾಡುವುದು, ಲೆಕ್ಕ ಬರೆಯುವುದು. ಇದಕ್ಕೆ ಎಂಬತ್ತು ಸಾವಿರದ ಯಂತ್ರ ಬೇಡ. ದರ ನೋಡಲು, ಹವಾಮಾನ ನೋಡಲು ಕೈಯಲ್ಲಿರುವ ಫೋನೇ ಸಾಕು.

ಅಗ್ಗದ ವಾದಕ್ಕೆ ಒಂದು ಲೆಕ್ಕ. ಮಾತಿಗೆ ಒಂದು ಲ್ಯಾಪ್‌ಟಾಪಿಗೆ ರೂ. 36,000 ಎನ್ನಿ. ಮೆಮೊರಿ ಸೇರಿಸಲಾಗದೆ ಮೂರು ವರ್ಷಕ್ಕೆ ತೆವಳತೊಡಗಿತು, ವರ್ಷಕ್ಕೆ ರೂ. 12,000 ಆಯಿತು. ಇನ್ನೊಂದಕ್ಕೆ ರೂ. 42,000, ನಡುವೆ ಮೆಮೊರಿ, ಬ್ಯಾಟರಿಗೆ ಇನ್ನು ರೂ. 9,000 ಹಾಕಿದಿರಿ, ಆರು ವರ್ಷ ಬಂತು. ವರ್ಷಕ್ಕೆ ರೂ. 8,500. ಕೊಳ್ಳುವ ದಿನ ಅಗ್ಗವಾಗಿದ್ದದ್ದೇ ಕೊನೆಗೆ ದುಬಾರಿ. ಅಗ್ಗದ ಸ್ಪ್ರೇ ಪಂಪು ಕೊಂಡು ಬೋರ್ಡೋ ಹೊಡೆಯುವ ದಿನವೇ ಕೈಕೊಟ್ಟಾಗ ಆಗುವ ನಷ್ಟ ಅಡಿಕೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿದೆ.

ಸಹಕಾರ ಇಲ್ಲಿಯೂ ಬೇಕು

ಕೊನೆಯದಾಗಿ ಸಂಘದ ಮುಂದೆ ಒಂದು ಸಲಹೆ ಇಡಬಯಸುತ್ತೇವೆ. 1973ರಲ್ಲಿ ಅಡಿಕೆ ಬೆಳೆಗಾರರು ವಾರಣಾಶಿ ಸುಬ್ರಾಯ ಭಟ್ಟರ ನಾಯಕತ್ವದಲ್ಲಿ ಕ್ಯಾಂಪ್ಕೋ ಕಟ್ಟಿದ್ದು, ಒಬ್ಬೊಬ್ಬರೇ ವ್ಯಾಪಾರಿಯ ಮುಂದೆ ನಿಂತರೆ ದರ ಸಿಗುವುದಿಲ್ಲ ಎಂಬ ಅನುಭವದಿಂದ. ಮಾರುವಾಗ ಒಟ್ಟಾದವರು ಕೊಳ್ಳುವಾಗಲೂ ಒಟ್ಟಾಗಬಹುದು.

ಹೆಚ್ಚೇನೂ ಬೇಡ. ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡೋಣ. ಲ್ಯಾಪ್‌ಟಾಪ್ ಕೊಂಡ ಸದಸ್ಯರು ಪೂರ್ಣ ಮಾದರಿ ಸಂಖ್ಯೆ, ಕೊಂಡ ತಿಂಗಳು, ಏನು ಕೆಟ್ಟಿತು, ರಿಪೇರಿಗೆ ಎಷ್ಟು ದಿನ ಹಿಡಿಯಿತು, ಎಷ್ಟು ಹಣವಾಯಿತು ಎಂದು ಐದು ಕಲಂ ತುಂಬಲಿ. ಎರಡು ಮಳೆಗಾಲ ಕಳೆದರೆ ಯಾವ ಜಾಹೀರಾತೂ ಹೇಳದ ಸಂಗತಿ ನಮ್ಮ ಕೈಯಲ್ಲಿರುತ್ತದೆ: ಕೊಡಗಿನ ತೇವದಲ್ಲಿ, ಕೊಡಗಿನ ಕರೆಂಟಿನಲ್ಲಿ ಯಾವುದು ಬಾಳುತ್ತದೆ ಎಂಬುದು. ಫ್ರಾನ್ಸ್ ದೇಶದಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪುಗಳ ಮೇಲೆ ರಿಪೇರಿಗೆ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಎಂಬುದಾಗಿ ಬರೆಯುವ ಕಾನೂನು ಬಂತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆಯೂ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕು' ಎಂಬ ಪೋರ್ಟಲನ್ನು ತೆರೆಯಿತು. ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೂ ಅಂಗಡಿಯ ಪೆಟ್ಟಿಗೆಯ ಮೇಲೆ ಅಂಕ ಬರುವ ತನಕ ನಮ್ಮ ಅಂಕವನ್ನು ನಾವೇ ಹಾಕಿಕೊಳ್ಳಬೇಕಷ್ಟೆ.

ರಿಜಿಸ್ಟರಿನಿಂದ ಇನ್ನೊಂದು ಲಾಭವಿದೆ. ಊರಿನಲ್ಲಿ ಹತ್ತು ಮನೆಯಲ್ಲಿ ಒಂದೇ ಜಾತಿಯ ಮೋಟಾರು ಪಂಪು ಇದ್ದರೆ ಅದರ ಬಿಡಿಭಾಗ ಪೇಟೆಯಲ್ಲಿ ಸಿಗುತ್ತದೆ, ರಿಪೇರಿಯವನ ಕೈಯೂ ಪಳಗುತ್ತದೆ. ಲ್ಯಾಪ್‌ಟಾಪಿಗೂ ಇದೇ ಮಾತು. ಹತ್ತು ಸದಸ್ಯರು ವಿಚಾರ ಮಾಡಿ ಒಂದೇ ಮಾದರಿ ಕೊಂಡರೆ ಅಂಗಡಿಯವರು ದರವನ್ನೂ ಇಳಿಸಿಯಾರು. ಒಬ್ಬರ ಚಾರ್ಜರ್ ಇನ್ನೊಬ್ಬರಿಗೆ ಆಪತ್ತಿಗೆ ಒದಗುತ್ತದೆ. ಒಬ್ಬರ ಮಗ ಕಲಿತ ರಿಪೇರಿ ಎಲ್ಲರಿಗೂ ಆಗುತ್ತದೆ. ಎರಡು ಸಮಾನ ಮಾದರಿಗಳ ನಡುವೆ ತೀರ್ಮಾನವಾಗದೆ ಒದ್ದಾಡುವವರಿಗೆ ನಮ್ಮ ಕೊನೆಯ ಉತ್ತರವೂ ಅದೇ: ಓ.ಟಿ. ನೋಡಿ, ಬದಲಿಸಲಾಗದ್ದು ಗಟ್ಟಿಯಿದೆಯೇ ನೋಡಿ, ಅಲ್ಲಿಯೂ ಎರಡು ಸಮವಾದರೆ ನಿಮ್ಮ ನೆರೆಯವರ ಮನೆಯಲ್ಲಿ ಯಾವುದಿದೆಯೋ ಅದನ್ನೇ ಕೊಳ್ಳಿ.

ಬರುವ ಮಹಾಸಭೆಯಲ್ಲಿ ಈ ರಿಜಿಸ್ಟರಿನ ವಿಷಯ ಪ್ರಸ್ತಾಪಕ್ಕೆ ಬರಲೆಂದು ಕೋರುತ್ತೇವೆ. ಅದಕ್ಕೆ ಬೇಕಾಗುವುದು ಒಂದು ನೋಟು ಪುಸ್ತಕ ಮತ್ತು ಸದಸ್ಯರ ಸತ್ಯವಾದ ಮಾತು. ಆಡಳಿತ ಮಂಡಳಿಯವರೂ ಸದಸ್ಯರೂ ಆಲೋಚಿಸಬೇಕಾಗಿ ವಿನಂತಿ.